‘ಸಿಗರೇಟಿಗಿಂತ 95% ಸೇಫ್’ ಅಂತಾರಲ್ಲ, ವೇಪ್ ಬಗ್ಗೆ ನಿಜಕ್ಕೂ ಗೊತ್ತಿರುವುದು ಎಷ್ಟು?

ತುಂಗಾತೀರ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾಲೇಜಿನ ದಿನಗಳಿಂದಲೂ ಸಿಗರೇಟ್ ಸೇದುತ್ತಿದ್ದ. ಈಗ ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟ್, ಹಿಡಿದಿದ್ದಾನೆ. ಹಾಗಂತ ಸಿಗರೇಟ್ ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾನೆ ಅಷ್ಟೇ. ಹಗಲೆಲ್ಲ ವೇಪ್, ರಾತ್ರಿ ಊಟ ಆದ ಮೇಲೆ ಒಂದೆರಡು ಸಿಗರೇಟ್.

ಕೇಳಿದರೆ, “ಅಕ್ಕ, ಇದರಲ್ಲಿ ಹೊಗೆನೇ ಇಲ್ಲ, ಬರೀ ಆವಿ. ಸಿಗರೇಟಿಗಿಂತ 95% ಸೇಫ್ ಅಂತ ಬ್ರಿಟನ್ ಸರ್ಕಾರನೇ ಹೇಳಿದೆ” ಅನ್ನುತ್ತಾನೆ. ಇನ್ನೊಂದು ಕಡೆ, ವೇಪ್ ಸೇದಿದರೆ ಶ್ವಾಸಕೋಶ ಪಾಪ್‌ಕಾರ್ನ್ ಆಗುತ್ತೆ ಅಂತ ಅಮ್ಮನಿಗೆ ಯಾರೋ ವಾಟ್ಸಾಪ್ ಕಳಿಸಿದ್ದಾರೆ. ಅಮ್ಮ ಹೆದರಿ ಊಟ ಬಿಟ್ಟಿದ್ದಾರೆ.

ನನಗೆ ಬೇಕಿರುವುದು ಇಷ್ಟೇ. ಆ 95 ಅನ್ನುವ ಅಂಕಿ ಎಲ್ಲಿಂದ ಬಂತು? ಯಾವುದು ಪರೀಕ್ಷೆ ಮಾಡಿ ಕಂಡುಕೊಂಡದ್ದು, ಯಾವುದು ಸುಮ್ನೆ ಭಯ? ತಿಳಿದವರು ಬಿಡಿಸಿ ಹೇಳಿ. ಬೈಯುವುದರಿಂದ ಅವನು ಬಿಡುವುದಿಲ್ಲ, ಅದನ್ನು ಮಾಡಿ ನೋಡಿದ್ದೇವೆ.

ಎದೆಗೂಡು:
ನಾನು ಶ್ವಾಸಕೋಶ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಉದ್ದ ಆಗುತ್ತೆ, ಸಾವಧಾನವಾಗಿ ಓದಿ.

ಮೊದಲು ಆ 95. 2013ರಲ್ಲಿ 12 ಮಂದಿ ತಜ್ಞರು ಲಂಡನ್‌ನಲ್ಲಿ ಸೇರಿ, ನಿಕೋಟಿನ್ ಇರುವ ಬೇರೆ ಬೇರೆ ವಸ್ತುಗಳಿಗೆ ಎಷ್ಟು ಹಾನಿ ಅಂತ ಅಂಕ ಕೊಟ್ಟರು. ಸಿಗರೇಟಿಗೆ 100 ಅಂತಿಟ್ಟುಕೊಂಡರೆ ಇ-ಸಿಗರೇಟಿಗೆ ಸುಮಾರು 4 ಬಂತು. ಅದು 2014ರಲ್ಲಿ ಪ್ರಕಟವಾಯಿತು. 2015ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ತನ್ನ ವರದಿಯಲ್ಲಿ ‘ಸುಮಾರು 95% ಕಡಿಮೆ ಹಾನಿ’ ಅಂದಿತು. ಗಮನಿಸಿ, ಇದು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಸಿಕ್ಕ ಅಂಕಿ ಅಲ್ಲ. ತಿಳಿದವರ ಅಂದಾಜು. ಹೆಚ್ಚಿನ ಅಂಶಗಳ ಬಗ್ಗೆ ಗಟ್ಟಿ ಪುರಾವೆ ಇಲ್ಲ ಅಂತ ಆ ತಜ್ಞರೇ ಬರೆದುಕೊಂಡಿದ್ದರು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಅದೇ ವರ್ಷ ಸಂಪಾದಕೀಯ ಬರೆದು ಈ ಅಂಕಿಯ ಬುಡವೇ ಸಡಿಲ ಅಂತ ಟೀಕಿಸಿತು. ಮೇಲಾಗಿ ಅದು 2013ರ ಸಾಧನಗಳ ಬಗ್ಗೆ. ಇವತ್ತು ಕದ್ದುಮುಚ್ಚಿ ಮಾರುವ ಮಾಲು ಆಗ ಇರಲೇ ಇಲ್ಲ.

ಇನ್ನು ‘ಬರೀ ಆವಿ’ ಅನ್ನುವುದು. ನೀರಿನ ಆವಿ ಅಲ್ಲವೇ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಫ್ಲೇವರ್ ಇವೆಲ್ಲ ಸೇರಿದ ದ್ರಾವಣವನ್ನು ಒಂದು ಲೋಹದ ಸುರುಳಿ ಕಾಯಿಸುತ್ತೆ. ಹೊರಬರುವುದು ತೀರಾ ಸಣ್ಣ ಹನಿಗಳ ಮಂಜು. ಕಾಯಿಸಿದಾಗ ಫಾರ್ಮಾಲ್ಡಿಹೈಡ್‌ನಂಥ ಪದಾರ್ಥಗಳೂ ಹುಟ್ಟುತ್ತವೆ, ಕಾವು ಹೆಚ್ಚಿದಷ್ಟೂ ಜಾಸ್ತಿ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಜನ ದಿನಾ ಬಳಸುವ ಸಾಧನಗಳನ್ನೇ ತಂದು ಪರೀಕ್ಷಿಸಿದರು. ಬಾಟಲಿಯಲ್ಲಿದ್ದ ದ್ರಾವಣದಲ್ಲಿ ಲೋಹ ಕಡಿಮೆ ಇತ್ತು. ಸುರುಳಿ ದಾಟಿ ಬಂದ ಮಂಜಿನಲ್ಲಿ ಸೀಸ, ನಿಕಲ್, ಕ್ರೋಮಿಯಂ ಹೆಚ್ಚಾಗಿತ್ತು. ಅಂದರೆ ಲೋಹ ಬರುತ್ತಿರುವುದು ಸುರುಳಿಯಿಂದ.

ಫ್ಲೇವರ್ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ‘ತಿನ್ನುವ ಪದಾರ್ಥಕ್ಕೆ ಹಾಕುವುದೇ ತಾನೇ’ ಅನ್ನುತ್ತಾರೆ. ಹೊಟ್ಟೆಗೆ ಹೋದರೆ ಅರಗಿಸಲು ಲಿವರ್ ಇದೆ. ಎದೆಯೊಳಗೆ ಆ ವ್ಯವಸ್ಥೆ ಇಲ್ಲ. ನಿಮ್ಮ ಅಮ್ಮ ಓದಿದ ಪಾಪ್‌ಕಾರ್ನ್ ಕಥೆಯ ಮೂಲ ಇಲ್ಲಿದೆ. ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದ 8 ಮಂದಿಗೆ ವಾಸಿಯಾಗದ ಶ್ವಾಸನಾಳದ ಕಾಯಿಲೆ ಬಂದದ್ದು 2000ದಲ್ಲಿ ಬೆಳಕಿಗೆ ಬಂತು. ಬೆಣ್ಣೆಯ ಪರಿಮಳಕ್ಕೆ ಹಾಕುತ್ತಿದ್ದ ಡೈಅಸಿಟೈಲ್ ಅನ್ನು ಉಸಿರಾಡಿದ್ದೇ ಕಾರಣ. ಅದೇ ಪದಾರ್ಥ ಕೆಲವು ವೇಪ್ ದ್ರಾವಣಗಳಲ್ಲೂ ಸಿಕ್ಕಿತು, ಯುರೋಪ್‌ನಲ್ಲಿ ನಿಷೇಧವಾಯಿತು. ಆದರೆ ವೇಪ್ ಸೇದಿದವರಿಗೆಲ್ಲ ಆ ಕಾಯಿಲೆ ಬರುತ್ತೆ ಅನ್ನುವುದಕ್ಕೆ ಪುರಾವೆ ಇಲ್ಲ. ಡೈಅಸಿಟೈಲ್ ಸಿಗರೇಟ್ ಹೊಗೆಯಲ್ಲೂ ಇದೆ. ಅಮ್ಮನಿಗೆ ಊಟ ಮಾಡಲು ಹೇಳಿ.

ನಿಜಕ್ಕೂ ಆದದ್ದು ಏನು ಅಂತ ಕೇಳಿದರೆ, 2019 ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹುಡುಗ ಹುಡುಗಿಯರು ಕೆಮ್ಮು, ಉಬ್ಬಸ, ಜ್ವರ, ವಾಂತಿ ಅಂತ ಆಸ್ಪತ್ರೆ ಸೇರತೊಡಗಿದರು. ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಕೊಟ್ಟರೂ ಇಳಿಯಲಿಲ್ಲ. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಇಲ್ಲವೇ ಸತ್ತಿದ್ದರು, ಸತ್ತವರು 68. ಅದಕ್ಕೆ ‘ಇವಾಲಿ’ ಅಂತ ಹೆಸರಿಟ್ಟರು. 51 ರೋಗಿಗಳ ಶ್ವಾಸಕೋಶ ತೊಳೆದು ತೆಗೆದ ದ್ರವ ಪರೀಕ್ಷಿಸಿದಾಗ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಅದು ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವ ಪದಾರ್ಥ. ಗಾಂಜಾದ ಅಂಶ ಇರುವ ದ್ರಾವಣಕ್ಕೆ ಕಲಬೆರಕೆಯಾಗಿ ಸುರಿಯುತ್ತಿದ್ದರು. ಮಾಹಿತಿ ಸಿಕ್ಕ ರೋಗಿಗಳಲ್ಲಿ 82% ಗಾಂಜಾ ದ್ರಾವಣ ಬಳಸಿದವರು. ಬರೀ ನಿಕೋಟಿನ್ ವೇಪ್ ಬಳಸಿದ್ದೆವು ಅಂದವರು 14%.

ಲೀಡ್ಸ್ ಕನ್ನಡಿಗ:
ಡಾಕ್ಟ್ರೇ, ಒಳ್ಳೆಯ ಬರಹ. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಾನು ವೇಪ್‌ನಿಂದಲೇ ಸಿಗರೇಟ್ ಬಿಟ್ಟವನು. ಇಲ್ಲಿ ಬ್ರಿಟನ್ನಿನಲ್ಲಿ ಸಿಗರೇಟ್ ಬಿಡಿಸುವ ಸರ್ಕಾರಿ ಸೇವೆಗೆ ಸೇರಿದೆ. ಅಲ್ಲಿನ ನರ್ಸಮ್ಮ ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ದ್ರಾವಣದಿಂದ ಶುರು ಮಾಡಿಸಿ, 12, 6, 3 ಅಂತ ಇಳಿಸುತ್ತಾ ಬಂದರು. ಕೊನೆಗೆ ವೇಪ್ ಕೂಡ ಬಿಡಿಸಿದರು. ಪ್ರತಿ ಸಲ ಹೋದಾಗ ಕೊಳವೆಯೊಳಗೆ ಊದಿಸಿ, ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ತೋರಿಸುತ್ತಿದ್ದರು. ಸಿಗರೇಟ್ ನಿಲ್ಲಿಸಿದ ಮೇಲೆ ಆ ಅಂಕಿ ಇಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಇದು ನನ್ನೊಬ್ಬನ ಕಥೆಯೂ ಅಲ್ಲ. ಇಲ್ಲಿ 886 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಟ್ರಯಲ್ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಕೋಟಿನ್ ಪ್ಯಾಚ್, ಗಮ್ ಇತ್ಯಾದಿ. ಇನ್ನೊಂದಕ್ಕೆ ವೇಪ್. ಎರಡಕ್ಕೂ ಆಪ್ತ ಸಲಹೆ. ವರ್ಷದ ಕೊನೆಗೆ ಸಿಗರೇಟ್ ಬಿಟ್ಟವರು ಪ್ಯಾಚ್ ಗುಂಪಿನಲ್ಲಿ 9.9%, ವೇಪ್ ಗುಂಪಿನಲ್ಲಿ 18%. ಸ್ಕಾಟ್ಲೆಂಡಿನ ಡಂಡಿಯಲ್ಲಿ 114 ಜನರ ಮೇಲೆ ಮಾಡಿದ ಟ್ರಯಲ್‌ನಲ್ಲಿ, ಸಿಗರೇಟಿನಿಂದ ವೇಪ್‌ಗೆ ಬಂದವರ ರಕ್ತನಾಳಗಳ ಕೆಲಸ ಒಂದೇ ತಿಂಗಳಲ್ಲಿ ಸುಧಾರಿಸಿತು. ಹಾಗಾಗಿ ‘ವೇಪ್ ಅಂದರೆ ವಿಷ, ಮುಗಿಯಿತು’ ಅಂತ ಯಾರೂ ಬರೆಯಬೇಡಿ. ದಿನಕ್ಕೆ ಪ್ಯಾಕ್ ಸೇದುವವನು ಅದನ್ನು ಓದಿ ‘ಎರಡೂ ಒಂದೇ’ ಅಂದುಕೊಂಡು ಸಿಗರೇಟಿಗೇ ವಾಪಸ್ ಹೋಗುತ್ತಾನೆ.

ಎದೆಗೂಡು:
ಅಣ್ಣ, ಒಪ್ಪುತ್ತೇನೆ. ಸಿಗರೇಟನ್ನು ಪೂರ್ತಿ ಬಿಟ್ಟು ವೇಪ್‌ಗೆ ಹೋದವರಿಗೆ ಹೊಗೆಯ ವಿಷ ಕಡಿಮೆ ಆಗುವುದು ನಿಜ. ಆದರೆ ಆ 886 ಜನರ ಟ್ರಯಲ್‌ನಲ್ಲೇ ಇನ್ನೊಂದು ಅಂಕಿ ಇದೆ. ವೇಪ್ ಗುಂಪಿನಲ್ಲಿ ಸಿಗರೇಟ್ ಬಿಟ್ಟವರ ಪೈಕಿ 80% ವರ್ಷದ ಕೊನೆಯಲ್ಲೂ ವೇಪ್ ಸೇದುತ್ತಲೇ ಇದ್ದರು. ಪ್ಯಾಚ್ ಗುಂಪಿನಲ್ಲಿ ಗೆದ್ದವರ ಪೈಕಿ ಪ್ಯಾಚ್, ಗಮ್ ಮುಂದುವರಿಸಿದವರು 9% ಮಾತ್ರ. ಒಂದು ಚಟ ಬಿಡಿಸಿ ಇನ್ನೊಂದನ್ನು ಹತ್ತು ಇಪ್ಪತ್ತು ವರ್ಷ ಉಳಿಸಿದರೆ ಏನಾಗುತ್ತೆ ಅನ್ನುವ ಪ್ರಶ್ನೆ ಹಾಗೇ ಇದೆ.

ಇನ್ನೊಂದು ಮಾತು. ನಿಮಗೆ ಸಿಕ್ಕಿದ್ದು 20 ಮಿಲಿಗ್ರಾಂ ಮಿತಿಯ ದ್ರಾವಣ, ನರ್ಸಮ್ಮ, ಉಸಿರಿನ ಪರೀಕ್ಷೆ. ತುಂಗಾತೀರ ಅವರ ತಮ್ಮನಿಗೆ ಸಿಗುತ್ತಿರುವುದು ಪಾನ್ ಅಂಗಡಿಯ ಡಬ್ಬದಡಿಯ ಮಾಲು. ಅಕ್ಕ, ನಿಮ್ಮ ತಮ್ಮ ಎರಡನ್ನೂ ಸೇದುತ್ತಿದ್ದಾನಲ್ಲ, ಆ ಟ್ರಯಲ್‌ಗಳ ಲಾಭ ಅವನಿಗೆ ಅನ್ವಯವೇ ಆಗುವುದಿಲ್ಲ. ದಿನಕ್ಕೆ ಎರಡೇ ಸಿಗರೇಟಾದರೂ ಹೃದಯಕ್ಕೆ ಅಪಾಯ ಸಣ್ಣದಲ್ಲ.

ಬಯಾಲಜಿ ಮೇಡಂ (ಹುಬ್ಬಳ್ಳಿ):
ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಇಲ್ಲಿ ಎಲ್ಲರೂ ಸಿಗರೇಟ್ ಬಿಡುವವರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಮುಂದೆ ಕೂರುವ ಮಕ್ಕಳು ಸಿಗರೇಟ್ ಮುಟ್ಟಿದವರೇ ಅಲ್ಲ ರೀ. ನೇರವಾಗಿ ಇದರಿಂದಲೇ ಶುರು.

ಮೊನ್ನೆ ಪ್ರಾಕ್ಟಿಕಲ್ ವೇಳೆ ಒಂದು ಸಿಕ್ಕಿತು. ನೋಡಿದರೆ ಹೈಲೈಟರ್ ಪೆನ್ನು ಅನ್ನಬೇಕು, ಅಷ್ಟೇ ಉದ್ದ, ಅಷ್ಟೇ ದಪ್ಪ. ತಿಳಿನೀಲಿ ಬಣ್ಣ. ಬಾಯಿಗಿಡುವ ತುದಿಯಲ್ಲಿ ಹಲ್ಲಿನ ಗುರುತು ಬಿದ್ದಿತ್ತು. ಎಳೆದರೆ ಬುಡದಲ್ಲಿ ಪುಟ್ಟ ಲೈಟು ಹತ್ತುತ್ತೆ. ಡಬ್ಬಿ ಕೂಡ ಬ್ಯಾಗಿನಲ್ಲಿತ್ತು. ಮೇಲೆ ಮಾವಿನಹಣ್ಣಿನ ಚಿತ್ರ, 5% ಅಂತ ಒಂದು ಅಂಕಿ. ತಯಾರಕರ ವಿಳಾಸ ಇಲ್ಲ, ಬೆಲೆ ಇಲ್ಲ, ಸಿಗರೇಟ್ ಪ್ಯಾಕಿನ ಮೇಲಿರುವ ಹಾಗೆ ಎಚ್ಚರಿಕೆಯ ಚಿತ್ರವೂ ಇಲ್ಲ. ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಇಟ್ಟೆ, ಮರುದಿನ ತೆಗೆದರೂ ಮಾವಿನ ವಾಸನೆ. ಸೇದಿದವನ ಬಾಯಿ ಬೀಡಿ ವಾಸನೆ ಬರುವುದಿಲ್ಲ, ಬಟ್ಟೆ ನಾರುವುದಿಲ್ಲ. ತಾಯಂದಿರಿಗೆ ಗೊತ್ತಾಗುವುದಾದರೂ ಹೇಗೆ?

ಆ ಹುಡುಗನನ್ನು ಕೇಳಿದೆ. “ಮೇಡಂ, ಇದರಲ್ಲಿ ನಿಕೋಟಿನ್ ಇರಲ್ಲ, ಬರೀ ಫ್ಲೇವರ್” ಅಂದ. ಸುಳ್ಳು ಹೇಳುತ್ತಿರಲಿಲ್ಲ, ಅವನು ಹಾಗೇ ನಂಬಿದ್ದ. ಎರಡು ಪೀರಿಯಡ್ ಸತತವಾಗಿ ಕೂರಲು ಆಗುವುದಿಲ್ಲ, ಕೈಕಾಲು ಚಡಪಡಿಸುತ್ತೆ ಅಂತ ಅವನೇ ಹೇಳಿದ. ಆ 5% ಅಂದರೆ ಎಷ್ಟು?

ಎದೆಗೂಡು:
ಮೇಡಂ, 5% ಅಂದರೆ ಪ್ರತಿ ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಬ್ರಿಟನ್, ಯುರೋಪಿನ ಮಿತಿ 20. ಅಂದರೆ ಅದರ ಎರಡೂವರೆ ಪಟ್ಟು. ಡಬ್ಬಿಯ ಮೇಲಿನ ಅಂಕಿ ನಿಜ ಅಂತಿಟ್ಟುಕೊಂಡು ಹೇಳುತ್ತಿದ್ದೇನೆ, ಒಳಗೆ ಇನ್ನೇನಿದೆಯೋ ಪರೀಕ್ಷಿಸಿದವರು ಯಾರೂ ಇಲ್ಲ.

ಮೊದಲೆಲ್ಲ ಇಷ್ಟು ಗಡುಸಾದ ನಿಕೋಟಿನ್ ಎಳೆದರೆ ಗಂಟಲು ಉರಿದು ಕೆಮ್ಮು ಬರುತ್ತಿತ್ತು. ದೇಹವೇ ಬೇಡ ಅನ್ನುತ್ತಿತ್ತು. 2015ರಲ್ಲಿ ಜೂಲ್ ಕಂಪನಿ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ‘ನಿಕೋಟಿನ್ ಸಾಲ್ಟ್’ ರೂಪದಲ್ಲಿ ಮಾರಿತು. ಉರಿ ಹೋಯಿತು, ನಿಕೋಟಿನ್ ಉಳಿಯಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಹದಿನಾರರ ಹುಡುಗ ಮೊದಲ ದಿನವೇ ಕೆಮ್ಮದೆ ಎಳೆಯುವುದಕ್ಕೆ ಕಾರಣ ಇದೇ.

ಮೆದುಳು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ನಿಕೋಟಿನ್ ಹತ್ತಿದರೆ ಗಮನ, ಕಲಿಕೆ, ಮನಸ್ಸಿನ ಹಿಡಿತ ಇವಕ್ಕೆ ಪೆಟ್ಟು. ಎದೆಬಡಿತ, ಬಿಪಿ ಏರುವುದಂತೂ ಎಳೆದ ಕೆಲವೇ ನಿಮಿಷದಲ್ಲಿ. ಆ ಹುಡುಗನ ಚಡಪಡಿಕೆ ಶಿಸ್ತಿನ ಸಮಸ್ಯೆ ಅಲ್ಲ ಮೇಡಂ, ನಿಕೋಟಿನ್ ಇಳಿದಾಗ ಆಗುವ ಸಂಕಟ.

ಒಳಗೇನಿದೆ ಗೊತ್ತಿಲ್ಲ ಅಂದೆನಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 38 ಶಾಲೆಗಳಲ್ಲಿ ಮಕ್ಕಳಿಂದ ಕಿತ್ತುಕೊಂಡ ವೇಪ್‌ಗಳನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಹೇಳಿದರು. ಆರರಲ್ಲಿ ಒಂದರಲ್ಲಿ ‘ಸ್ಪೈಸ್’ ಅನ್ನುವ ಮಾದಕ ರಾಸಾಯನಿಕ ಇತ್ತು. ನಮ್ಮಲ್ಲೂ ಹೀಗೆ ಕಿತ್ತುಕೊಂಡ ಮಾಲನ್ನು ಸಾಲಾಗಿ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕು.

ಮಂಡ್ಯದ ಗೌಡ:
ಅಲ್ಲಾ, ಇಂಡಿಯಾದಲ್ಲಿ ಇದು ಬ್ಯಾನ್ ಆಗಿದೆಯಲ್ವಾ? ಬ್ಯಾನ್ ಆದ ವಸ್ತುವಿನ ಮೇಲೆ ರಿಸರ್ಚ್ ಯಾಕೆ? ಅಂಗಡಿಯವರನ್ನು ಹಿಡಿದು ಒಳಗೆ ಹಾಕಿದರೆ ಮುಗಿಯಿತು.

ಕರಿಕೋಟು:
ಗೌಡ್ರೇ, ಕಾನೂನಿನ ಭಾಗ ನಾನು ಹೇಳುತ್ತೇನೆ, ವಕೀಲನಾಗಿ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪೂರ್ತಿ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನಿಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವುದಕ್ಕೆ ಅಂತ ಬೇರೆ ಶಿಕ್ಷೆ ಆ ಕಾಯ್ದೆಯಲ್ಲಿ ಇಲ್ಲ.

ನಾನು ನಿಷೇಧದ ಪರ. ಆದರೆ ಕಾನೂನಿನ ಕೆಲಸ ಮಾಲು ತಡೆಯುವುದು. ಈಗಾಗಲೇ ಎಳೆದವರ ಎದೆಯಲ್ಲಿ ಏನಾಗಿದೆ ಅಂತ ಕಾನೂನು ಹೇಳುವುದಿಲ್ಲ, ಅದಕ್ಕೆ ಡಾಕ್ಟರೇ ಬೇಕು.

ಅಂಕಿಸಂಖ್ಯೆ:
ಗೌಡರ ಪ್ರಶ್ನೆಗೆ ನಾನೂ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ. ನನ್ನ ಕೆಲಸವೇ ಕ್ಲಿನಿಕಲ್ ಟ್ರಯಲ್‌ಗಳ ಅಂಕಿಅಂಶ ನೋಡುವುದು. ಬ್ಯಾನ್ ಆಗಿದೆ, ಆದ್ದರಿಂದ ಅಧ್ಯಯನ ಬೇಡ ಅನ್ನುವ ಮಾತು ಈ ಕ್ಷೇತ್ರದಲ್ಲೂ ಕೇಳಿಬರುತ್ತೆ, ಅದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತೆ.

ಸಿಗರೇಟಿನ ಇತಿಹಾಸ ನೋಡಿ. ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ಡಾಕ್ಟರುಗಳಿಗೆ ಪ್ರಶ್ನೆಪತ್ರ ಕಳಿಸಿದರು, ನೀವು ಸೇದುತ್ತೀರಾ, ಎಷ್ಟು ಅಂತ. ಸುಮಾರು 40,000 ಜನ ಉತ್ತರಿಸಿದರು. ಅವರಲ್ಲಿ ಗಂಡಸರನ್ನು 50 ವರ್ಷ ಬಿಡದೆ ಹಿಂಬಾಲಿಸಿದರು. 2004ರಲ್ಲಿ ಬಂದ ಕೊನೆಯ ಫಲಿತಾಂಶ: ಜೀವನವಿಡೀ ಸೇದಿದವರ ಆಯುಷ್ಯ ಸರಾಸರಿ 10 ವರ್ಷ ಕಡಿಮೆ. ಇವತ್ತು ನಾವು ಇಷ್ಟು ಖಾತ್ರಿಯಿಂದ ಸಿಗರೇಟ್ ಕೆಟ್ಟದ್ದು ಅನ್ನುವುದರ ಹಿಂದೆ ಇಂಥ ತಾಳ್ಮೆಯ ಕೆಲಸ ಇದೆ. ವೇಪ್ ಹುಟ್ಟಿದ್ದು 2003ರಲ್ಲಿ, ಚೀನಾದ ಫಾರ್ಮಸಿಸ್ಟ್ ಹೊನ್ ಲಿಕ್ ಕೈಯಲ್ಲಿ. ಜೋರಾಗಿ ಹರಡಿದ್ದು ಇನ್ನೂ ಈಚೆಗೆ. ಕ್ಯಾನ್ಸರ್, ಸಿಒಪಿಡಿಯಂಥ (ಶ್ವಾಸಕೋಶದ ದೀರ್ಘಕಾಲದ ಉಸಿರಾಟದ ತೊಂದರೆ) ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತು ಮೂವತ್ತು ವರ್ಷ ಬೇಕು. ‘ಇನ್ನೂ ಯಾರಿಗೂ ಕ್ಯಾನ್ಸರ್ ಬಂದಿಲ್ಲವಲ್ಲ’ ಅನ್ನುವುದು ಬೀಜ ಬಿತ್ತಿದ ವಾರಕ್ಕೇ ತೆನೆ ಬಂದಿಲ್ಲ ಅಂದ ಹಾಗೆ.

ಅವಸರದ ಅಧ್ಯಯನ ಎಷ್ಟು ಅಪಾಯ ಅನ್ನುವುದಕ್ಕೆ ಒಂದು ಉದಾಹರಣೆ. 2019ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಒಂದು ಜರ್ನಲ್‌ನಲ್ಲಿ ವೇಪ್‌ಗೂ ಹೃದಯಾಘಾತಕ್ಕೂ ನಂಟಿದೆ ಅಂತ ಲೇಖನ ಬಂತು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಅದೇ ದತ್ತಾಂಶ ತೆಗೆದು ನೋಡಿದರೆ, ಕೆಲವರಿಗೆ ಹೃದಯಾಘಾತ ಆಗಿದ್ದು ಅವರು ವೇಪ್ ಮುಟ್ಟುವುದಕ್ಕೂ ಎಷ್ಟೋ ಮುಂಚೆ! 2020ರ ಫೆಬ್ರವರಿಯಲ್ಲಿ ಜರ್ನಲ್ ಆ ಲೇಖನ ವಾಪಸ್ ಪಡೆಯಿತು. ಇದರಿಂದ ವೇಪ್ ಹೃದಯಕ್ಕೆ ಒಳ್ಳೆಯದು ಅಂತ ಆಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯದೆ ಕಾರಣ ಹೇಳಬಾರದು, ಅಷ್ಟೇ. ವೇಪ್ ಸೇದುವವರಲ್ಲಿ ಬಹಳಷ್ಟು ಮಂದಿ ಹಿಂದೆ ಸಿಗರೇಟ್ ಸೇದಿದವರು. ಹಳೆಯ ಹಾನಿ ಯಾವುದು, ಹೊಸದು ಯಾವುದು ಅಂತ ಬೇರ್ಪಡಿಸಲು ಒಳ್ಳೆಯ ಅಧ್ಯಯನವೇ ಬೇಕು. ದುಡ್ಡು ಕೊಟ್ಟವರು ಯಾರು ಅಂತಲೂ ನೋಡಬೇಕು. ತಂಬಾಕು ಕಂಪನಿಗಳೇ ಈಗ ವೇಪ್ ಮಾರುತ್ತಿವೆ.

ಹಾಗಂತ ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ವೇಪ್ ಕೊಟ್ಟು ನೋಡಲು ಆಗುತ್ತಾ? ಖಂಡಿತ ಇಲ್ಲ, ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಅದಕ್ಕೇ ಇರುವ ದಾರಿ, ತಾವಾಗಿಯೇ ಸೇದುವವರನ್ನೂ ಸೇದದವರನ್ನೂ ವರ್ಷಗಟ್ಟಲೆ ಜೊತೆಜೊತೆಗೆ ಗಮನಿಸುವುದು. ಬ್ರಿಟನ್ 2025ರಲ್ಲಿ 8ರಿಂದ 18 ವಯಸ್ಸಿನ ಒಂದು ಲಕ್ಷ ಮಕ್ಕಳನ್ನು 10 ವರ್ಷ ಗಮನಿಸುವ ಯೋಜನೆ ಘೋಷಿಸಿತು.

ನಮ್ಮ ಕಡೆ ಏನಿದೆ? 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಇ-ಸಿಗರೇಟ್ ಹೆಸರು ಕೇಳಿದ್ದೇವೆ ಅಂದ ವಯಸ್ಕರು 3%, ಬಳಸುತ್ತೇವೆ ಅಂದವರು 0.02%. ಅದು 15 ವರ್ಷ ಮೇಲ್ಪಟ್ಟವರನ್ನು ಮನೆ ಬಾಗಿಲಿಗೆ ಹೋಗಿ ಕೇಳಿದ ಸಮೀಕ್ಷೆ. ಹಾಸ್ಟೆಲಿನ ಹುಡುಗರ ಗುಟ್ಟು ಅಲ್ಲಿ ಸಿಗುವುದು ಕಷ್ಟ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಲೀಡ್ಸ್‌ನ ಅಣ್ಣ ಗಮನಿಸಬೇಕು. ಸೇದುವವರು 10.7%, ಜಗಿಯುವವರು 21.4%. ಗುಟ್ಕಾ, ಕಡ್ಡಿಪುಡಿ, ಬೀಡಿ ಇರುವ ದೇಶಕ್ಕೆ ಬ್ರಿಟನ್ನಿನ ಟ್ರಯಲ್ ಫಲಿತಾಂಶವನ್ನು ಹಾಗೇ ತಂದು ಅಂಟಿಸಲು ಆಗುವುದಿಲ್ಲ. ಇಲ್ಲಿನ ಜನರ ಮೇಲೆ, ಇಲ್ಲಿನ ಮಾಲಿನ ಬಗ್ಗೆ, ಇಲ್ಲಿನ ದೂಳಿನ ಗಾಳಿ ಉಸಿರಾಡುವ ಎದೆಗಳ ಮೇಲೆ ಅಧ್ಯಯನ ಆಗಬೇಕು.

ಎದೆಗೂಡು:
ಅಂಕಿಸಂಖ್ಯೆ ಮೇಡಂ ಬರೆದದ್ದಕ್ಕೆ ವಾರ್ಡಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಎದೆನೋವು ಅಂತ ರಾತ್ರಿ ಬಂದ. ಎಕ್ಸ್‌ರೇಯಲ್ಲಿ ಒಂದು ಕಡೆ ಶ್ವಾಸಕೋಶ ಕುಸಿದಿತ್ತು. ಕೇಸ್ ಶೀಟಿನಲ್ಲಿ ‘ಧೂಮಪಾನ: ಇಲ್ಲ’ ಅಂತ ಬರೆದಾಗಿತ್ತು. “ಬೀಡಿ ಸಿಗರೇಟ್ ಸೇದ್ತೀಯೇನಪ್ಪಾ?” ಅಂತ ಕೇಳಿದ್ದಾರೆ, ಪಕ್ಕದಲ್ಲಿ ಅಪ್ಪ ನಿಂತಿದ್ದಾರೆ, ಅವನು ಇಲ್ಲ ಅಂದಿದ್ದಾನೆ. ನಿಜವನ್ನೇ ಹೇಳಿದ್ದಾನೆ ಕೂಡ! ಅಪ್ಪ ಔಷಧಿ ತರಲು ಕೆಳಗೆ ಹೋದಾಗ ನಾನು “ವೇಪ್?” ಅಂದೆ. ತಲೆ ಆಡಿಸಿದ. ಎದ್ದ ತಕ್ಷಣ ಶುರು, ಮಲಗುವವರೆಗೆ. ವೇಪ್‌ನಿಂದಲೇ ಹಾಗಾಯಿತು ಅಂತ ನಾನು ಹೇಳಲಾರೆ. ಎತ್ತರವಾಗಿ, ತೆಳ್ಳಗಿರುವ ಹುಡುಗರಿಗೆ ಏನೂ ಸೇದದೆಯೂ ಹಾಗಾಗುತ್ತೆ. ಆದರೆ ನಾನು ಕೇಳದೇ ಇದ್ದಿದ್ದರೆ ಅವನು ‘ಧೂಮಪಾನ ಇಲ್ಲದವನು’ ಅಂತಲೇ ದಾಖಲೆಗೆ ಸೇರುತ್ತಿದ್ದ. ನಾಳೆ ಯಾರಾದರೂ ಹತ್ತು ವರ್ಷದ ಕೇಸ್ ಶೀಟ್ ತೆಗೆದು ಅಧ್ಯಯನ ಮಾಡಿದರೆ ಇಂಥವರು ತಪ್ಪು ಗುಂಪಿನಲ್ಲಿ ಎಣಿಕೆಯಾಗುತ್ತಾರೆ.

ಇವಾಲಿ ಪತ್ತೆಗೆ ಅಮೆರಿಕದವರು ಇಟ್ಟ ಮೊದಲ ಷರತ್ತೇ, ಕಾಯಿಲೆಗೆ ಹಿಂದಿನ 90 ದಿನದಲ್ಲಿ ವೇಪ್ ಬಳಸಿದ್ದಾರಾ ಅನ್ನುವುದು. ಆ ಪ್ರಶ್ನೆ ಕೇಳದಿದ್ದರೆ ಇವಾಲಿ ಅನ್ನುವುದು ಪತ್ತೆಯೇ ಆಗುವುದಿಲ್ಲ. ಕರ್ನಾಟಕದ ಪ್ರತಿ ಓಪಿಡಿಯ ಹಾಳೆಯಲ್ಲಿ ವೇಪ್‌ಗೆ ಬೇರೆಯೇ ಒಂದು ಸಾಲು ಇರಬೇಕು. ಏನು ಸೇದುತ್ತೀರಿ, ಎಷ್ಟು ಗಡುಸು, ಯಾವಾಗಿನಿಂದ, ಜೊತೆಗೆ ಸಿಗರೇಟ್ ಇದೆಯಾ. ಮನೆಯವರನ್ನು ಹೊರಗೆ ಕಳಿಸಿ ಕೇಳಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಹೆಸರು ಬೇಡ:
ಓದುತ್ತಾ ಕೂತಿದ್ದೆ. ನಾನು ಮೂರು ವರ್ಷದಿಂದ ವೇಪ್ ಎಳೆಯುತ್ತಿದ್ದೇನೆ, ಸಿಗರೇಟ್ ಯಾವತ್ತೂ ಸೇದಿಲ್ಲ. ವಯಸ್ಸು 22. ಮೆಟ್ಟಿಲು ಹತ್ತಿದರೆ ಏದುಸಿರು. ಬಿಡಬೇಕು ಅಂತ ತುಂಬಾ ಇದೆ. ಎಲ್ಲ ಕಡೆ ಸಿಗರೇಟ್ ಬಿಡುವುದು ಹೇಗೆ ಅಂತಲೇ ಬರೆದಿರುತ್ತಾರೆ. ವೇಪ್ ಬಿಡಲು ಔಷಧಿ ಇದೆಯಾ? ಡಾಕ್ಟರ್ ಹತ್ತಿರ ಹೋದರೆ ಪೊಲೀಸರಿಗೆ ಹೇಳುತ್ತಾರಾ?

ಕರಿಕೋಟು:
ತಮ್ಮಾ, ಆ ಭಯ ಬಿಡು. ರೋಗಿಯ ವಿಷಯ ಗುಟ್ಟಾಗಿ ಇಡುವುದು ಡಾಕ್ಟರ ಕರ್ತವ್ಯ. ಧೈರ್ಯವಾಗಿ ಹೋಗು.

ಎದೆಗೂಡು:
ಇಲ್ಲಿ ಬಂದು ಕೇಳಿದ್ದಕ್ಕೆ ತುಂಬಾ ಖುಷಿಯಾಯಿತು. ನಿನ್ನಂಥವರಿಗಾಗಿಯೇ ನಡೆದ ಟ್ರಯಲ್ ಒಂದು 2025ರಲ್ಲಿ ಬಂದಿದೆ. ಅಮೆರಿಕದಲ್ಲಿ 16ರಿಂದ 25 ವಯಸ್ಸಿನ, ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ವೇಪ್ ಸೇದುವ, ಸಿಗರೇಟಿನ ರೂಢಿ ಇಲ್ಲದ 261 ಮಂದಿ. ಒಂದು ಗುಂಪಿಗೆ 12 ವಾರ ವರೆನಿಕ್ಲೀನ್ ಅನ್ನುವ ಚಟ ಬಿಡಿಸುವ ಮಾತ್ರೆ, ಇನ್ನೊಂದಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ, ಎರಡಕ್ಕೂ ಆಪ್ತ ಸಲಹೆ. ಕೊನೆಯ ನಾಲ್ಕು ವಾರ ಪೂರ್ತಿ ವೇಪ್ ಮುಟ್ಟದವರು ಔಷಧಿ ಗುಂಪಿನಲ್ಲಿ 51%, ಖಾಲಿ ಮಾತ್ರೆ ಗುಂಪಿನಲ್ಲಿ 14%. ಆರು ತಿಂಗಳವರೆಗೂ ಹಾಗೇ ಉಳಿದವರು 28% ಮತ್ತು 7%. ನಿಲ್ಲಿಸಿದವರಲ್ಲಿ ಕೆಲವರು ಮತ್ತೆ ಹಿಡಿದರು, ಅದು ಚಟದ ಸ್ವಭಾವ. ಆದರೂ ವ್ಯತ್ಯಾಸ ನೋಡು.

ಆ ಮಾತ್ರೆಯನ್ನು ನೀನೇ ಅಂಗಡಿಯಿಂದ ತಂದು ನುಂಗಬೇಡ. ವಾಕರಿಕೆ, ನಿದ್ದೆಯಲ್ಲಿ ವಿಚಿತ್ರ ಕನಸು ಬರಬಹುದು, ಪ್ರಮಾಣ ನಿಧಾನವಾಗಿ ಏರಿಸಬೇಕು, ಕಿಡ್ನಿ ತೊಂದರೆ ಇದೆಯಾ ನೋಡಬೇಕು. ಮೊದಲು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ಗೆ ಫೋನ್ ಮಾಡು, 1800 11 2356. ಪೈಸೆ ಖರ್ಚಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಟ್ಟ ಮೇಲೆ ಮನಸ್ಸು ತುಂಬಾ ಕುಗ್ಗಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ. ಏದುಸಿರಿಗೆ ಬೇರೆ ಕಾರಣ ಇದೆಯಾ ಅಂತ ಸ್ಪೈರೋಮೆಟ್ರಿ ಮಾಡಿಸು. ಊದುವ ಪರೀಕ್ಷೆ, ನೋವಿಲ್ಲ. ಅದು ನಾರ್ಮಲ್ ಬಂದರೆ ‘ಏನೂ ಆಗಿಲ್ಲ’ ಅಂದುಕೊಂಡು ಮುಂದುವರಿಸಬೇಡ. ಸಣ್ಣ ನಾಳಗಳ ಮೊದಮೊದಲ ಹಾನಿ ಅದರಲ್ಲಿ ಕಾಣುವುದಿಲ್ಲ.

ಲೀಡ್ಸ್ ಕನ್ನಡಿಗ:
ತಮ್ಮಾ, ಮೊದಲ ಎರಡು ವಾರ ತುಂಬಾ ಕಷ್ಟ ಆಗುತ್ತೆ. ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮೊದಲು ಬಿಡು. ಬೇಕು ಅನ್ನಿಸಿದಾಗ ಎದ್ದು ಹೋಗಿ ತರುವಷ್ಟು ದೂರದಲ್ಲಿಡು. ನನಗೆ ಅದರಿಂದಲೇ ಅರ್ಧ ಕಡಿಮೆಯಾಯಿತು.

ತುಂಗಾತೀರ:
ಎಲ್ಲರಿಗೂ ಮನಸಾರೆ ಧನ್ಯವಾದ. ಇಡೀ ಚರ್ಚೆಯನ್ನು ತಮ್ಮನಿಗೆ ಕಳಿಸಿದೆ. 95ರ ಕಥೆಗಿಂತ ಅವನನ್ನು ತಟ್ಟಿದ್ದು ಎರಡನ್ನೂ ಸೇದುವುದರ ಬಗ್ಗೆ ಬರೆದ ಸಾಲು. “ನಾನು ಕಡಿಮೆ ಮಾಡಿದ್ದೀನಿ ಅಂದುಕೊಂಡಿದ್ದೆ ಅಕ್ಕ” ಅಂದ. ಕ್ವಿಟ್‌ಲೈನ್‌ಗೆ ಫೋನ್ ಮಾಡಲು ಒಪ್ಪಿದ್ದಾನೆ.

ಬಯಾಲಜಿ ಮೇಡಂ (ಹುಬ್ಬಳ್ಳಿ):
ನನಗೊಂದು ಪ್ರಶ್ನೆ ಉಳಿದಿದೆ ರೀ. ಕಾಲೇಜಿನಲ್ಲಿ ಕಿತ್ತುಕೊಂಡವು ಕಪಾಟಿನಲ್ಲಿ ಸೇರುತ್ತಲೇ ಇವೆ. ಕಸಕ್ಕೆ ಹಾಕಲೇ?

ಎದೆಗೂಡು:
ಬೇಡ ಮೇಡಂ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತೆ, ಜಜ್ಜಿದರೆ ಹೊತ್ತಿಕೊಳ್ಳಬಹುದು. ಕಸದ ಗಾಡಿಗೆ ಹಾಕಬೇಡಿ, ಸುಡಬೇಡಿ, ಬಿಚ್ಚಲೂ ಬೇಡಿ. ದ್ರಾವಣ ಚರ್ಮದ ಮೂಲಕವೂ ಒಳಹೋಗುತ್ತೆ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ.

ಕರಿಕೋಟು:
ಕಪಾಟಿನಲ್ಲೂ ಇಟ್ಟುಕೊಳ್ಳಬೇಡಿ ಮೇಡಂ, ದಾಸ್ತಾನು ಅಂತ ನಾಳೆ ನಿಮ್ಮ ಕಾಲೇಜಿಗೇ ತೊಂದರೆ. ಪ್ರಿನ್ಸಿಪಾಲರ ಸಹಿಯಲ್ಲಿ ಪಟ್ಟಿ ಮಾಡಿ ಠಾಣೆಗೆ ಒಪ್ಪಿಸಿ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಿಗೆ ಈ ಕಾಯ್ದೆಯಡಿ ಅಧಿಕಾರ ಇದೆ. ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಒಂದು ಪ್ರತಿ ಕಳಿಸಿ, ಸ್ವೀಕೃತಿ ಪಡೆಯಿರಿ. ವಿದ್ಯಾರ್ಥಿಗಳ ಹೆಸರು ಪಟ್ಟಿಯಲ್ಲಿ ಬೇಡ.

ಅಂಕಿಸಂಖ್ಯೆ:
ಒಪ್ಪಿಸುವ ಮುಂಚೆ ಪ್ರತಿಯೊಂದರ ಡಬ್ಬಿಯ ಫೋಟೋ ತೆಗೆದುಕೊಳ್ಳಿ ಮೇಡಂ. ಸಿಕ್ಕಿದ ತಿಂಗಳು, ಫ್ಲೇವರ್, ಬರೆದಿರುವ ನಿಕೋಟಿನ್ ಶೇಕಡಾ. ಒಳಗಿನ ದ್ರಾವಣವನ್ನು ಲ್ಯಾಬ್‌ಗೆ ಕಳಿಸಿ ಪರೀಕ್ಷಿಸಬೇಕು ಅಂತ ಪತ್ರದಲ್ಲೇ ಕೇಳಿ.

ಬಯಾಲಜಿ ಮೇಡಂ (ಹುಬ್ಬಳ್ಳಿ):
ಆಯ್ತು ರೀ. ಸೋಮವಾರ ಪ್ರಿನ್ಸಿಪಾಲರ ಹತ್ತಿರ ಕೂತು ಪತ್ರ ಬರೆಸುತ್ತೇನೆ. ಕರಡು ಇಲ್ಲೇ ಹಾಕುತ್ತೇನೆ, ಲ್ಯಾಬ್ ಪರೀಕ್ಷೆಯ ಸಾಲನ್ನು ಹೇಗೆ ಬರೆಯಬೇಕು ಅಂತ ನೀವಿಬ್ಬರೂ ನೋಡಿ ತಿದ್ದಿಕೊಡಿ.